ಬಿಸಿಲುನಾಡಿನಲ್ಲಿ ಹೂಗಿಡ ನೆಡುವ ಕಾಲ

ಹೂವಿನ ಗಿಡವನ್ನು ನೆಡುವುದಕ್ಕೆ ವರ್ಷದಲ್ಲಿ ಯಾವ ಕಾಲವು ಉತ್ತಮವೆಂಬ ಪ್ರಶ್ನೆಯು ಮೇಲುನೋಟಕ್ಕೆ ಬಹು ಸಣ್ಣದು. ಹೂವನ್ನು ಪ್ರೀತಿಸುವವರಲ್ಲಿಯೂ ಅನೇಕರು ಇದನ್ನು ಕೇಳುವುದೇ ಇಲ್ಲ. ಗಿಡವು ಕಣ್ಣಿಗೆ ಬಿದ್ದ ದಿನವೇ ಅದನ್ನು ಕೊಳ್ಳುವರು. ಕೊಂಡ ದಿನವೇ ನೆಡುವರು. ಅದು ಒಣಗಿಹೋದರೆ ತಮ್ಮ ಕೈಗುಣವನ್ನೋ ಮಾರಿದವನನ್ನೋ ದೂರುವರು. ನಾಲ್ಕು ತಿಂಗಳು ಬಾಳಿ ಮುಗಿದುಹೋಗುವ ಚೆಂಡುಹೂವಿನಂಥ ಗಿಡಗಳಲ್ಲಿ ಈ ಉದಾಸೀನವು ಅಷ್ಟೊಂದು ಕೇಡನ್ನು ಮಾಡಲಾರದು. ಆದರೆ ಮಲ್ಲಿಗೆ, ಗುಲಾಬಿ, ದಾಸವಾಳ, ಕಣಗಿಲೆ ಮುಂತಾದುವು ಹಾಗಲ್ಲ. ಅವು ಒಮ್ಮೆ ಬೇರೂರಿದರೆ ವರ್ಷವರ್ಷವೂ ನಿಂತು ಹೂ ಕೊಡತಕ್ಕವು. ಚೆಂಡುಹೂವು ನಮ್ಮ ಅಂಗಳದ ಅತಿಥಿಯಾದರೆ ಮಲ್ಲಿಗೆಯು ಮನೆಗೆ ಬಂದು ನೆಲಸುವ ಬಂಧು. ನೆಲಸುವವರನ್ನು ಯಾವ ಗಳಿಗೆಯಲ್ಲಿ ಬರಮಾಡಿಕೊಳ್ಳಬೇಕೆಂಬುದನ್ನು ಸ್ವಲ್ಪ ಯೋಚಿಸುವುದು ಯುಕ್ತ.

ಈ ವಿಚಾರವನ್ನು ಎಲ್ಲ ದೇಶಗಳಿಗೂ ಅನ್ವಯಿಸುವಂತೆ ಹೇಳಹೊರಟರೆ ಯಾರಿಗೂ ಪ್ರಯೋಜನವಾಗದು. ಆದುದರಿಂದ ನಾವು ಒಂದು ನಿರ್ದಿಷ್ಟವಾದ ಸೀಮೆಯನ್ನು ಆರಿಸಿಕೊಳ್ಳುತ್ತೇವೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳು ನಮ್ಮ ನಾಡಿನ ಅತ್ಯಂತ ಬಿಸಿಯಾದ ಭಾಗಗಳಲ್ಲಿ ಸೇರಿದುವು. ಮೇ ತಿಂಗಳಲ್ಲಿ ಇಲ್ಲಿಯ ಹಗಲಿನ ಶಾಖವು 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಕೆಲವು ದಿನಗಳಲ್ಲಿ 44, 45ನ್ನೂ ಮುಟ್ಟುವುದುಂಟು. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುವುದು. ಭೀಮೆಯು ಮುಂದೆ ಜೇವರ್ಗಿಯ ಸೀಮೆಯನ್ನು ಹಾಯ್ದುಹೋಗುವಳು. ನದಿಗಳಿದ್ದರೂ ಇದು ಮಳೆಯನ್ನೇ ನಂಬಿದ ನೆಲ. ಹೂವಿನ ಅವಶ್ಯಕತೆಯಾದರೋ ಇಲ್ಲಿ ಬೇರೆಲ್ಲಿಗೂ ಕಡಮೆಯಿಲ್ಲ. ಗಾಣಗಾಪುರದ ದತ್ತಾತ್ರೇಯ ಸನ್ನಿಧಿ, ಆಳಂದದ ಲಾಡ್ಲೆ ಮಶಾಕರ ದರ್ಗಾ, ಜೇವರ್ಗಿಯ ಷಣ್ಮುಖ ಶಿವಯೋಗಿಗಳ ಮಠ, ಇವೆಲ್ಲಕ್ಕೂ ದಿನವೂ ಹೂವು ಬೇಕು. ಮನೆಯ ಜಗಲಿಗೂ ಹೆಣ್ಣುಮಕ್ಕಳ ಮುಡಿಗೂ ಬೇಕು.

ಈ ವಿಷಯದಲ್ಲಿ ನಮಗೆ ದೊರೆತ ಮೊದಲನೆಯ ಪಾಠವು ನಮ್ಮ ತಪ್ಪಿನಿಂದಲೇ ದೊರೆಯಿತೆಂದು ಒಪ್ಪಿಕೊಳ್ಳುವುದು ಲೇಸು. ಕೆಲವು ವರ್ಷಗಳ ಹಿಂದೆ ಯುಗಾದಿಯ ಸಮಯದಲ್ಲಿ ನಾವು ಅಫಜಲಪುರದ ಬಂಧುಗಳ ಮನೆಗೆ ಹನ್ನೆರಡು ಗುಲಾಬಿಯ ಗಿಡಗಳನ್ನು ಕೊಂಡೊಯ್ದಿದ್ದೆವು. ವಸಂತವು ಗಿಡ ನೆಡುವ ಋತುವೆಂದು ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದೆವು. ಹೊಸ ವರ್ಷದಲ್ಲಿ ಹೊಸ ಗಿಡವೆಂಬುದು ಮನಸ್ಸಿಗೂ ಒಪ್ಪಿತ್ತು. ಗಿಡಗಳನ್ನು ನೆಟ್ಟು, ದಿನವೂ ನೀರೆರೆಯಬೇಕೆಂದು ಹೇಳಿ, ನಾವು ಊರಿಗೆ ಮರಳಿದೆವು. ನೀರೆರೆದವರು ಆ ಮನೆಯ ಹಿರಿಯ ಅತ್ತೆಯವರು. ಒಂದು ತಿಂಗಳ ಮೇಲೆ ನಾವು ಪುನಃ ಹೋದಾಗ ಅವರು ಒಣಗಿದ ಕಡ್ಡಿಗಳನ್ನು ತೋರಿಸಿ ಸಿಟ್ಟಿಲ್ಲದೆ ಒಂದೇ ಮಾತನ್ನು ಕೇಳಿದರು: "ತಮ್ಮಾ, ಇದ್ದ ನೀರು ಗಿಡಕ್ಕ ಹಾಕಬೇಕೋ, ಮನಿ ಮಂದಿಗಿ ಕುಡಿಲಾಕ ಇಡಬೇಕೋ?"

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅನಂತರ ಕುಳಿತು ಲೆಕ್ಕಹಾಕಿದೆವು. ಗಿಡವೊಂದಕ್ಕೆ ದಿನಕ್ಕೆ ಅರ್ಧ ಕೊಡದಂತೆ ಹನ್ನೆರಡು ಗಿಡಗಳಿಗೆ ಆರು ಕೊಡ. ಯುಗಾದಿಯಿಂದ ಮೃಗಶಿರಾ ಮಳೆಯವರೆಗೆ ಸುಮಾರು 75 ದಿನ. ಅಂದರೆ 450 ಕೊಡ. ಕೊಡಕ್ಕೆ 15 ಲೀಟರೆಂದು ಹಿಡಿದರೆ 6,750 ಲೀಟರು ನೀರು. ನಲ್ಲಿಯು ದಿನ ಬಿಟ್ಟು ದಿನ ಬರುವ ಊರಿನಲ್ಲಿ, ಭೀಮೆಯು ಸೊರಗಿ ಮಡುಗಳಾಗಿ ನಿಲ್ಲುವ ಕಾಲದಲ್ಲಿ, ಒಬ್ಬ ವೃದ್ಧೆಯ ಸೊಂಟದ ಮೇಲೆ ನಾವು ಹೊರಿಸಿದ ಭಾರವದು. ಕಾಲವನ್ನು ಆರಿಸುವುದು ಗಿಡದ ಹಿತಕ್ಕಾಗಿ ಮಾತ್ರವಲ್ಲ, ನೀರು ಹೊರುವವರ ಹಿತಕ್ಕಾಗಿಯೂ ಹೌದೆಂಬುದು ನಮಗೆ ಅಂದು ತಿಳಿಯಿತು.

ಹಾಗಾದರೆ ಪುಸ್ತಕವು ಸುಳ್ಳು ಹೇಳಿತ್ತೆ? ಇಲ್ಲ. ಅದು ತನ್ನ ದೇಶಕ್ಕೆ ಸತ್ಯವನ್ನೇ ಹೇಳಿತ್ತು. ಇಂಗ್ಲೆಂಡಿನಲ್ಲಿ ಗಿಡದ ಶತ್ರುವು ಹಿಮ. ಅಲ್ಲಿ ವಸಂತವೆಂದರೆ ಆ ಶತ್ರುವು ಹಿಮ್ಮೆಟ್ಟಿದ ಕಾಲ. ಮುಂದಿನ ಆರು ತಿಂಗಳು ಗಿಡಕ್ಕೆ ಸೌಖ್ಯವೇ. ನಮ್ಮಲ್ಲಿ ಶತ್ರುವು ಬಿಸಿಲು. ನಮ್ಮ ವಸಂತವು ಆ ಶತ್ರುವಿನ ಹೆಬ್ಬಾಗಿಲು. ಕಣ್ಣಿಗೆ ಚಿಗುರು ಕಾಣಿಸಿದರೂ ಆ ಚಿಗುರೆಲ್ಲವೂ ಹಿಂದೆಯೇ ಆಳಕ್ಕೆ ಬೇರಿಳಿಸಿದ ಬೇವು, ಮಾವು, ಹುಣಿಸೆಗಳದು. ನಿನ್ನೆ ನೆಟ್ಟ ಗಿಡಕ್ಕೆ ಆ ಬಂಡವಾಳವಿಲ್ಲ. ಬೆಂಗಳೂರಿನವರ ಸಲಹೆಯೂ ಇಲ್ಲಿ ಪೂರ್ತಿ ಸಲ್ಲದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ಕಲಬುರಗಿಯು ಅದರ ಅರ್ಧದಷ್ಟು ಎತ್ತರದಲ್ಲಿದೆ. ಬೆಂಗಳೂರಿಗೆ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ಒಳ್ಳೆಯ ಮಳೆಯು ಬೀಳುವುದು; ಭೀಮಾತೀರದಲ್ಲಿ ಆಗ ಬೀಸುವುದು ಬಿಸಿಗಾಳಿ.

ಇನ್ನು ಕಾರಣವನ್ನು ಸ್ವಲ್ಪ ವಿಚಾರಿಸೋಣ. ಗಿಡವು ನೀರನ್ನು ಕುಡಿಯುವುದು ದಪ್ಪ ಬೇರುಗಳಿಂದಲ್ಲ. ಅವುಗಳ ತುದಿಗಳಲ್ಲಿರುವ, ಕೂದಲಿಗಿಂತಲೂ ಸೂಕ್ಷ್ಮವಾದ ಎಳೆಗಳಿಂದ. ಗಿಡವನ್ನು ಒಂದೆಡೆಯಿಂದ ಕಿತ್ತು ಇನ್ನೊಂದೆಡೆ ನೆಟ್ಟಾಗ ಈ ಎಳೆಗಳಲ್ಲಿ ಬಹುಪಾಲು ಹರಿದುಹೋಗುವುವು. ಎಲೆಗಳಾದರೋ ಮೊದಲಿನಂತೆಯೇ ಇದ್ದು, ಗಾಳಿಗೆ ಆವಿಯ ರೂಪದಲ್ಲಿ ನೀರನ್ನು ಬಿಡುತ್ತಲೇ ಇರುವುವು. ಆದಾಯವು ನಿಂತುಹೋಗಿ ವೆಚ್ಚವು ಮಾತ್ರ ನಡೆಯುತ್ತಿರುವ ಸಂಸಾರದಂತೆ ಗಿಡದ ಸ್ಥಿತಿಯಾಗುವುದು. ಗಾಳಿಯು ತಂಪಾಗಿಯೂ ತೇವವಾಗಿಯೂ ಇದ್ದರೆ ವೆಚ್ಚವು ಇಳಿಯುವುದು. ಅಷ್ಟರಲ್ಲಿ ಹೊಸ ಬೇರು ಮೂಡಿ ಆದಾಯವು ಕುದುರುವುದು. ಗಾಳಿಯು ಬಿಸಿಯಾಗಿ ಒಣಗಿದ್ದರೆ, ಬುಡದಲ್ಲಿ ಎಷ್ಟು ನೀರು ನಿಲ್ಲಿಸಿದರೂ ಅದನ್ನು ಎತ್ತಿಕೊಳ್ಳುವ ಬೇರು ಇಲ್ಲದ ಕಾರಣ ಗಿಡವು ನೀರಿನ ನಡುವೆಯೇ ಬಾಯಾರಿ ಸಾಯುವುದು. ಆದುದರಿಂದ ನೆಡುವ ಕಾಲವನ್ನು ನಿರ್ಣಯಿಸುವಾಗ ಹೂ ಯಾವಾಗ ಬರುವುದೆಂದು ಕೇಳತಕ್ಕದ್ದಲ್ಲ; ಮುಂದಿನ ಮಾರ್ಚಿ ತಿಂಗಳ ಒಳಗೆ ಬೇರು ಆಳಕ್ಕೆ ಇಳಿಯಲು ಎಷ್ಟು ದಿನಗಳು ದೊರೆಯುವುವೆಂದು ಕೇಳತಕ್ಕದ್ದು.

ಈ ಅಳತೆಗೋಲನ್ನು ಹಿಡಿದರೆ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಕಾಲವು ತಾನಾಗಿಯೇ ಬಿಟ್ಟುಹೋಗುವುದು. ಉಳಿದುದು ಮುಂಗಾರಿ ಮತ್ತು ಹಿಂಗಾರಿ. ಇವೆರಡರಲ್ಲಿ ಯಾವುದು ಮೇಲೆಂಬುದೇ ನಿಜವಾದ ಪ್ರಶ್ನೆ. ಮೊದಲ ಮಳೆ ಬಿದ್ದೊಡನೆ ಗಿಡ ನೆಡಬೇಕೆಂದು ಅನೇಕರ ಅಭಿಪ್ರಾಯ. ಮಣ್ಣಿನ ಪರಿಮಳವು ಮೂಗಿಗೆ ಬಡಿದಾಗ ಸುಮ್ಮನಿರುವುದು ಕಷ್ಟವೇ ಸರಿ. ಆದರೆ ಈ ಸೀಮೆಯಲ್ಲಿ ಮೃಗಶಿರಾ ಮಳೆಯನ್ನು ನಂಬುವುದು ಅಪಾಯ. ಜೂನ್ ಎರಡನೆಯ ವಾರದಲ್ಲಿ ಒಂದೆರಡು ಹದವಾದ ಮಳೆ ಸುರಿದು, ಅನಂತರ ಎರಡು ಮೂರು ವಾರ ಮುಗಿಲು ಬರಿದಾಗಿ ಗಾಳಿ ಮಾತ್ರ ಬೀಸುವುದನ್ನು ಇಲ್ಲಿಯ ರೈತರೆಲ್ಲರೂ ಬಲ್ಲರು. ಇಲ್ಲಿ ಸಾಮಾನ್ಯವಾಗಿ ವರ್ಷದಲ್ಲಿ ಅತ್ಯಧಿಕ ಮಳೆ ಬೀಳುವುದು ಜೂನಿನಲ್ಲಲ್ಲ, ಸೆಪ್ಟೆಂಬರಿನಲ್ಲಿ.

ಇನ್ನೊಂದು ಸಂಗತಿಯು ಮಣ್ಣು. ಈ ಮೂರು ತಾಲ್ಲೂಕುಗಳಲ್ಲಿ ಬಹುಭಾಗ ಎರೆಭೂಮಿ. ಈ ಕಪ್ಪು ಜೇಡಿಮಣ್ಣಿನ ಗುಣವು ವಿಚಿತ್ರವಾದುದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದು. ಒಳಗಿನ ಗಾಳಿಯ ಸಂದುಗಳೆಲ್ಲ ಮುಚ್ಚಿಹೋಗುವುವು. ಬೇಸಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಅಗಲವಾಗಿ ಬಿರಿಯುವುದು. ಬಿರಿಯುವಾಗ ಎಳೆಯ ಬೇರುಗಳನ್ನು ಹರಿದುಹಾಕುವುದು. ಬೇರಿಗೂ ಉಸಿರು ಬೇಕು. ಹರಿದ ಬೇರಿನ ಹೊಸ ಗಿಡವನ್ನು ಆಳವಾದ ಎರೆಯಲ್ಲಿ ಆಗಸ್ಟ್, ಸೆಪ್ಟೆಂಬರ್ ತಿಂಗಳ ಜಡಿಮಳೆಗೆ ಒಪ್ಪಿಸಿದರೆ ಅದು ಬಾಯಾರಿ ಸಾಯುವ ಬದಲು ಉಸಿರುಕಟ್ಟಿ ಸಾಯುವುದು. ಇದಕ್ಕೆ ವಿರುದ್ಧವಾಗಿ, ಗರಸು ಬೆರೆತ ತೆಳುಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಅಲ್ಲಿ ಗಿಡವು ಮಳೆಗಾಲದಲ್ಲಿ ಸುಖವಾಗಿ ಬೆಳೆಯುವುದು. ಆದರೆ ಮಳೆ ನಿಂತ ಹದಿನೈದು ದಿನಗಳಲ್ಲಿ ಆ ಮಣ್ಣು ಒಣಗುವುದರಿಂದ ಹಿಂಗಾರಿಯಲ್ಲಿ ನೆಟ್ಟ ಗಿಡಕ್ಕೆ ಅಲ್ಲಿ ಆಧಾರವಿಲ್ಲ.

ಈ ಭೇದವನ್ನು ನಾವು ಕಾಲೇಜಿನಲ್ಲಿ ಕಲಿಯಲಿಲ್ಲ. ಹೊಲದ ಬದುವಿನ ಮೇಲೆ ನಿಂತು ಕಲಿತೆವು. ತೊಗರಿಯನ್ನು ಮುಂಗಾರಿಯಲ್ಲಿ ಬಿತ್ತುವ ಅದೇ ರೈತನು ಬಿಳಿಜೋಳಕ್ಕೆಂದು ಇಟ್ಟ ಆಳವಾದ ಎರೆಹೊಲವನ್ನು ಮುಂಗಾರಿಯಲ್ಲಿ ಖಾಲಿ ಬಿಡುವನು. ಮಳೆಯ ನೀರನ್ನು ನೆಲಕ್ಕೆ ಕುಡಿಸಿ, ಹರಗಿ, ಕಸ ತೆಗೆದು, ಸೆಪ್ಟೆಂಬರಿನ ಕೊನೆಗೋ ಅಕ್ಟೋಬರಿನಲ್ಲೋ ಬಿತ್ತುವನು. ಅನಂತರ ಮಳೆಯು ಬಹಳವಾಗಿ ಬಾರದಿದ್ದರೂ ನೆಲದಲ್ಲಿ ಕೂಡಿಟ್ಟ ತೇವದಿಂದಲೇ ಜೋಳವು ತೆನೆಗೂಡುವುದು. ತೊಗರಿಯೂ ಎರೆಯಲ್ಲಿ ಮುಂಗಾರಿಗೆ ಬೆಳೆಯುವುದಲ್ಲವೆ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ತೊಗರಿಯು ಬೀಜದಿಂದ ಹುಟ್ಟಿದ ಸ್ಥಳದಲ್ಲಿಯೇ ಬೇರಿಳಿಸುವುದು. ಅದರ ಬೇರನ್ನು ಯಾರೂ ಹರಿದಿಲ್ಲ. ಅಷ್ಟಾದರೂ ನೀರು ನಿಂತ ತಗ್ಗಿನಲ್ಲಿ ತೊಗರಿಯು ಹಳದಿಯಾಗಿ ಸಾಯುವುದನ್ನು ನಾವು ಕಾಣುತ್ತೇವೆ. ಬಿಳಿಜೋಳದ ರೈತನಿಗೆ ತಿಳಿದಿರುವುದನ್ನು ಹೂದೋಟದವರು ಅನುಸರಿಸಿದರೆ ಸಾಕು.

ಈಗ ತಿಥಿಯ ನಿರ್ಣಯಕ್ಕೆ ಬರೋಣ. ನಮ್ಮ ಹಬ್ಬಗಳು ಚಾಂದ್ರಮಾನವನ್ನು ಅನುಸರಿಸುವುದರಿಂದ ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುವುವು. ಮಳೆಯ ನಕ್ಷತ್ರಗಳು ಸೂರ್ಯನ ಗತಿಯನ್ನು ಅನುಸರಿಸುವುದರಿಂದ ಹೆಚ್ಚೆಂದರೆ ಒಂದು ದಿನದ ವ್ಯತ್ಯಾಸದಲ್ಲಿ ಅದೇ ತಾರೀಖಿಗೆ ಬರುವುವು. ಇವು 27; ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಗಿಡ ನೆಡುವವರಿಗೆ ಇದಕ್ಕಿಂತ ಅನುಕೂಲವಾದ ಪಂಚಾಂಗವಿಲ್ಲ. ಗರಸು ಬೆರೆತ ಹಗುರ ಮಣ್ಣಿನವರು ಮೃಗಶಿರೆಯನ್ನು ಹೋಗಗೊಟ್ಟು, ಆರಿದ್ರೆಯ ಉತ್ತರಾರ್ಧದಿಂದ ಪುಷ್ಯದ ಕೊನೆಯವರೆಗೆ, ಎಂದರೆ ಜೂನ್ ಕೊನೆಯಿಂದ ಆಗಸ್ಟ್ ಮೊದಲ ದಿನಗಳವರೆಗೆ ನೆಡಬೇಕು. ಒಂದು ಗೇಣು ಆಳದವರೆಗೆ ಮಣ್ಣು ನೆನೆದಿದೆಯೇ ಎಂದು ಗುದ್ದಲಿಯಿಂದ ಕೆದಕಿ ನೋಡಿಯೇ ನೆಡತಕ್ಕದ್ದು. ಆಳವಾದ ಎರೆಯವರು ಹಸ್ತ, ಚಿತ್ತ ಮಳೆಗಳನ್ನು, ಎಂದರೆ ಸೆಪ್ಟೆಂಬರ್ 27ರ ಸುಮಾರಿನಿಂದ ಅಕ್ಟೋಬರ್ 23ರವರೆಗಿನ ಕಾಲವನ್ನು ಆರಿಸಿಕೊಳ್ಳಬೇಕು. ಆಗ ನೆಲದಲ್ಲಿ ತೇವವಿರುವುದು, ಆದರೆ ಕೆಸರಿರುವುದಿಲ್ಲ. ಬಿಸಿಲು ಇಳಿಮುಖವಾಗಿರುವುದು, ಮಣ್ಣು ಇನ್ನೂ ಬೆಚ್ಚಗಿರುವುದು. ಬೇರಿಗೆ ಇದಕ್ಕಿಂತ ಹಿತವಾದ ಸಂಧಿಕಾಲವಿಲ್ಲ. ಮಾರ್ಚಿಗೆ ಐದು ತಿಂಗಳ ಅವಧಿಯೂ ದೊರೆಯುವುದು.

ತಾಲ್ಲೂಕು ತಾಲ್ಲೂಕಿಗೂ ಸ್ವಲ್ಪ ಭೇದವುಂಟು. ಕೃಷಿತಜ್ಞರು ರಾಜ್ಯವನ್ನು ಹತ್ತು ಹವಾಮಾನ ವಲಯಗಳಾಗಿ ವಿಂಗಡಿಸಿರುವಾಗ ಆಳಂದವನ್ನು ಬೀದರಿನ ಜೊತೆಗೆ ಈಶಾನ್ಯ ಸಂಕ್ರಮಣ ವಲಯದಲ್ಲಿಯೂ, ಅಫಜಲಪುರ ಜೇವರ್ಗಿಗಳನ್ನು ಈಶಾನ್ಯ ಒಣ ವಲಯದಲ್ಲಿಯೂ ಸೇರಿಸಿರುವರು. ಮೊದಲನೆಯದರಲ್ಲಿ ವರ್ಷದ ಮಳೆಯು 800 ಮಿಲಿಮೀಟರಿಗೆ ಮೇಲೆ; ಎರಡನೆಯದರಲ್ಲಿ ಬಹುಮಟ್ಟಿಗೆ ಅದಕ್ಕೆ ಕೆಳಗೆ. ಆದುದರಿಂದ ಆಳಂದದವರು ಎರೆಯಲ್ಲಿ ನೆಡುವುದನ್ನು ಚಿತ್ತದ ಕೊನೆಯವರೆಗೆ ತಡೆದರೂ ಬಾಧಕವಿಲ್ಲ. ಅಫಜಲಪುರ, ಜೇವರ್ಗಿಯವರು ಹಸ್ತದಲ್ಲಿಯೇ ಮುಗಿಸುವುದು ಮೇಲು. ಭೀಮೆಯ ದಂಡೆಯಲ್ಲಿರುವವರು ಮಾತ್ರ ನದಿಯ ಮುಖವನ್ನು ನೋಡಿ ನಡೆಯಬೇಕು. 2020ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಈ ಎರಡು ತಾಲ್ಲೂಕುಗಳ ಅನೇಕ ಊರುಗಳಿಗೆ ನುಗ್ಗಿದುದನ್ನು ಯಾರೂ ಮರೆತಿಲ್ಲ.

ಎಲ್ಲ ಗಿಡಗಳಿಗೂ ಒಂದೇ ನಿಯಮವೆಂದು ನಾವು ಹೇಳುವುದಿಲ್ಲ. ಕಣಗಿಲೆ, ದೇವಕಣಗಿಲೆ, ಕಾಗದದ ಹೂವೆನ್ನುವ ಬೊಗನ್‌ವಿಲ್ಲ, ಇವು ಗಟ್ಟಿ ಜೀವಗಳು. ಮಳೆಗಾಲದಲ್ಲಿ ಕಡ್ಡಿಯನ್ನು ಊರಿದರೂ ಚಿಗುರುವುವು. ಆದರೆ ಕಣಗಿಲೆಯ ಎಲೆ, ಹೂ, ಕಾಂಡವೆಲ್ಲವೂ ವಿಷವಾದುದರಿಂದ ಅದನ್ನು ಮಕ್ಕಳ ಕೈಗೂ ದನಗಳ ಬಾಯಿಗೂ ಎಟುಕದಂತೆ ನೆಡಬೇಕು. ಸುಗಂಧರಾಜದ ಗಡ್ಡೆಯು ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡಿರುವುದರಿಂದ ಮುಂಗಾರಿನ ಆರಂಭವನ್ನು ಸಹಿಸುವುದು. ನೀರು ನಿಂತರೆ ಮಾತ್ರ ಕೊಳೆಯುವುದು. ಸೇವಂತಿಗೆಯು ರಾತ್ರಿ ದೀರ್ಘವಾದಾಗಲೇ ಮೊಗ್ಗು ಹಿಡಿಯುವ ಜಾತಿ. ಅದರ ಮರಿಗಳನ್ನು ಜೂನ್, ಜುಲೈ ತಿಂಗಳಲ್ಲಿ ಬೇರ್ಪಡಿಸಿ, ಎತ್ತರದ ಮಡಿಯಲ್ಲಿ ನೆಟ್ಟರೆ ಚಳಿಗಾಲದ ಹೊತ್ತಿಗೆ ಪೊದೆಯಾಗಿ ಅರಳುವುದು. ಗುಲಾಬಿಗೆ ಅಕ್ಟೋಬರ್ ತಿಂಗಳೇ ಸರಿ. ಹಳೆಯ ಗುಲಾಬಿಯನ್ನು ಸವರುವುದೂ ಆಗಲೇ. ಮಲ್ಲಿಗೆಯು ಮೇಲೆ ಹೇಳಿದ ಮಣ್ಣಿನ ನಿಯಮವನ್ನು ಚಾಚೂ ತಪ್ಪದೆ ಒಪ್ಪುವುದು. ನೆಲಸಿದ ದುಂಡುಮಲ್ಲಿಗೆಯನ್ನು ನವೆಂಬರ್ ಕೊನೆಗೆ ಸವರಿದರೆ ಮಾರ್ಚಿಯಿಂದ ಹೂವು. ಇನ್ನು ಕೇಪಳದಂಥ ಗಿಡವು ಸುಣ್ಣದ ಅಂಶ ಹೆಚ್ಚಿರುವ ಎರೆಯಲ್ಲಿ ಕಬ್ಬಿಣದ ಸತ್ತ್ವವನ್ನು ಹೀರಲಾರದೆ, ನರ ಹಸುರಾಗಿ ಎಲೆ ಹಳದಿಯಾಗಿ ಸೊರಗುವುದು. ಇದು ಕಾಲದ ದೋಷವಲ್ಲ, ನೆಲದ ದೋಷ. ಅಂಥದನ್ನು ಕುಂಡದಲ್ಲಿ ಬೆಳೆಸುವುದೇ ಜಾಣತನ.

ಕಾಲವು ಸರಿಯಾಗಿದ್ದರೂ ಸಿದ್ಧತೆಯು ಬೇಕು. ಬೇಸಗೆಯಲ್ಲಿ ನೆಡಬಾರದೆಂದೆವು, ಆದರೆ ಬೇಸಗೆಯಲ್ಲಿ ಕೆಲಸವಿಲ್ಲವೆನ್ನಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿಯೇ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಗಳನ್ನು ತೋಡಿ ಬಿಸಿಲಿಗೆ ಬಿಡಬೇಕು. ನಮ್ಮನ್ನು ಕಾಡುವ ಬಿಸಿಲು ಅಲ್ಲಿ ಹುಳುಗಳನ್ನೂ ರೋಗದ ಬೀಜಗಳನ್ನೂ ಸುಟ್ಟು ಉಪಕಾರ ಮಾಡುವುದು. ಮಳೆಗೆ ಮುಂಚೆ ಮೇಲ್ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಎರೆಯಾದರೆ ಸ್ವಲ್ಪ ಗರಸು, ಇವನ್ನು ಬೆರೆಸಿ ತುಂಬಬೇಕು. ಎರೆಯ ನಡುವೆ ಸಡಿಲ ಮಣ್ಣಿನ ಗುಣಿಯು ಸುತ್ತಲ ನೀರನ್ನೆಲ್ಲ ಸೆಳೆಯುವ ಬಟ್ಟಲಾಗಬಲ್ಲದು. ಆದುದರಿಂದ ನೆಲಕ್ಕಿಂತ ಅರ್ಧ ಅಡಿ ಎತ್ತರವಾಗಿ ದಿಬ್ಬ ಮಾಡಿ ಅದರ ಮೇಲೆ ನೆಡುವುದು ಲೇಸು. ನೆಡುವುದಕ್ಕೆ ಸಂಜೆಯೇ ಹೊತ್ತು. ಗಿಡಕ್ಕೆ ಒಂದು ರಾತ್ರಿಯ ವಿಶ್ರಾಂತಿಯಾದರೂ ದೊರೆಯಲಿ. ಮೇಲಿನ ಎಳೆಯ ಕೊಂಬೆಗಳನ್ನು ಸ್ವಲ್ಪ ಸವರಿದರೆ ಎಲೆಗಳ ವೆಚ್ಚವು ತಗ್ಗುವುದು. ಮೊದಲು ಬರುವ ಮೊಗ್ಗುಗಳನ್ನು ಚಿವುಟಿಹಾಕಬೇಕು. ಇದು ಮನಸ್ಸಿಗೆ ಕಷ್ಟವಾದರೂ ಬೇರಿಗೆ ಲಾಭ. ಮಳೆ ನಿಂತ ಮೇಲೆ ಬುಡಕ್ಕೆ ಜೋಳದ ದಂಟಿನ ಚೂರನ್ನೋ ತೊಗರಿಯ ಹೊಟ್ಟನ್ನೋ ನಾಲ್ಕು ಬೆರಳು ದಪ್ಪ ಹೊದಿಸಿದರೆ ತೇವವು ಹಾರದು. ಎರೆಯು ಬಿರಿಯುವುದೂ ಕಡಮೆಯಾಗುವುದು.

ಬಾವಿಯೋ ಕೊಳವೆಬಾವಿಯೋ ಉಳ್ಳವರಿಗೆ ಈ ಕಟ್ಟುಪಾಡೇಕೆ ಎಂದು ಕೆಲವರು ಕೇಳಬಹುದು. ನೀರಿದ್ದರೆ ಬೇಸಗೆಯಲ್ಲಿಯೂ ನೆರಳು ಕಟ್ಟಿ ಗಿಡವನ್ನು ಉಳಿಸಬಹುದು; ಅಸಾಧ್ಯವಲ್ಲ. ಆದರೆ ದಿನವೂ ಮೇಲೆ ಮೇಲೆ ನೀರುಂಡ ಗಿಡವು ಬೇರನ್ನು ಮೇಲಕ್ಕೇ ಹರಡುವುದು. ಆಳಕ್ಕೆ ಇಳಿಯುವ ಅಭ್ಯಾಸವು ಅದಕ್ಕೆ ಬಾರದು. ಬಾವಿಯು ಬತ್ತಿದ ವರ್ಷ ಮೊದಲು ಸಾಯುವುದು ಅದೇ ಗಿಡ.

ಅಫಜಲಪುರದ ಆ ಅಂಗಳದಲ್ಲಿ ನಾವು ಮತ್ತೊಮ್ಮೆ ಹನ್ನೆರಡು ಗಿಡಗಳನ್ನು ನೆಟ್ಟೆವು. ಈ ಸಲ ಅತ್ತೆಯವರ ಅನುಮತಿಯನ್ನು ಪಡೆದು, ಗುಣಿಗಳನ್ನು ಮೇ ತಿಂಗಳಲ್ಲಿ ತೋಡಿಸಿ, ಹಸ್ತದ ಮಳೆಯ ಮೇಲೆ ಮಹಾನವಮಿಯ ರಜೆಯಲ್ಲಿ ನೆಟ್ಟೆವು. ಎರಡು ಸತ್ತವು, ಹತ್ತು ನಿಂತುವು. ಅವು ನೀರಿಲ್ಲದೆ ಬದುಕಿದುವೆಂದು ನಾವು ಹೇಳುವುದಿಲ್ಲ. ಬೇಸಗೆಯಲ್ಲಿ ಐದು ದಿನಗಳಿಗೊಮ್ಮೆ ಗಿಡಕ್ಕೆ ಒಂದು ಕೊಡದಂತೆ ಹಾಕಬೇಕಾಯಿತು. ಹತ್ತು ಗಿಡಗಳಿಗೆ 75 ದಿನಗಳಲ್ಲಿ 150 ಕೊಡ. ಹಿಂದಿನ ಲೆಕ್ಕದಲ್ಲಿದ್ದ 450 ಕೊಡಗಳ ಮೂರನೆಯ ಒಂದು ಪಾಲು ಮಾತ್ರ. ಅದೂ ಬಹಳಮಟ್ಟಿಗೆ ಪಾತ್ರೆ, ಕಾಯಿಪಲ್ಲೆ ತೊಳೆದ ನೀರಿನಿಂದಲೇ ನಡೆದುಹೋಯಿತು. ಮುಂದಿನ ಯುಗಾದಿಗೆ ನಾವು ಹೋದಾಗ ಅತ್ತೆಯವರು ದೇವರ ಮುಂದೆ ಎರಡು ಗುಲಾಬಿಯನ್ನಿಟ್ಟು, ಒಂದನ್ನು ನಮ್ಮ ಕೈಗೆ ಕೊಟ್ಟರು. ಈ ಸಲ ಅವರು ಏನನ್ನೂ ಕೇಳಲಿಲ್ಲ.